ಗಡ್ಡಿ ಅಂದಾಕ್ಷಣ ಗರ್ಭಚೀಲಕ್ಕೆ ಕತ್ತರಿ ಯಾಕೆ?

"ಅಂಡಾಶಯದಾಗ ಗಡ್ಡಿ ಅದ. ಬಿಟ್ರ ಕ್ಯಾನ್ಸರ್ ಆಗ್ತದ. ಮಕ್ಕಳಾಗ್ಯಾವಲ್ಲ, ಚೀಲ ಯಾಕ ಬೇಕು? ತಗಸಿ ಬಿಡ್ರಿ."

ಇಷ್ಟೇ ಮಾತು. ಇದನ್ನು ಕೇಳಿದ ಗಂಡ ತೊಗರಿ ಮಾರುತ್ತಾನೆ, ಇಲ್ಲವೇ ಸಾವ್ಕಾರನ ಹತ್ತಿರ ಬಡ್ಡಿಗೆ ಕೈ ಚಾಚುತ್ತಾನೆ. ಅತ್ತೆ ದೇವರಿಗೆ ಹರಕೆ ಹೊರುತ್ತಾಳೆ. ಹೆಂಡತಿ ಬಾಯಿ ಮುಚ್ಚಿಕೊಂಡು ಟೇಬಲ್ ಮೇಲೆ ಮಲಗುತ್ತಾಳೆ. ಮೂವತ್ತು ದಾಟಿರದ ಹೆಣ್ಣುಮಗಳು ಹೊಟ್ಟೆನೋವು ಅಂತ ಹೋಗಿ ಗರ್ಭಚೀಲವನ್ನೂ, ಕೆಲವು ಸಲ ಅಂಡಾಶಯವನ್ನೂ ಕಳಕೊಂಡು ಬರುವುದು ಕಲಬುರಗಿ ಜಿಲ್ಲೆಗೆ ಹೊಸ ಸುದ್ದಿಯೇನೂ ಅಲ್ಲ.

2015ರಲ್ಲಿ ಇದೇ ಜಿಲ್ಲೆಯ ತಾಂಡಾಗಳ ಲಂಬಾಣಿ ಹೆಂಗಸರು, ಕೇರಿಗಳ ದಲಿತ ಹೆಂಗಸರು ಒಬ್ಬೊಬ್ಬರಾಗಿ ಬಾಯಿ ಬಿಟ್ಟರು. ಜನಾರೋಗ್ಯ ಕಾರ್ಯಕರ್ತರು ಮನೆ ಮನೆ ತಿರುಗಿ ಬರೆದುಕೊಂಡರು. ಎಲ್ಲ ಕಡೆಯೂ ಕತೆ ಒಂದೇ ತರಹ ಇತ್ತು. ಹೊಟ್ಟೆನೋವು, ಬಿಳಿಮುಟ್ಟು ಅಂತ ಹೋದದ್ದು; ಸ್ಕ್ಯಾನಿಂಗ್ ಮಾಡಿಸಿದ್ದು; ಕ್ಯಾನ್ಸರ್ ಹೆದರಿಕೆ ಹಾಕಿಸಿಕೊಂಡದ್ದು; ಆಪರೇಷನ್ ಆದದ್ದು. ಸರ್ಕಾರ ತನಿಖೆ ಮಾಡಿಸಿತು. ಆ ಬಳಿಕ ಪತ್ರಿಕೆಗಳಲ್ಲಿ ಬಂದ ಲೆಕ್ಕ 2,200ಕ್ಕೂ ಮೇಲೆ. ಖಾಸಗಿ ಆಸ್ಪತ್ರೆಗಳ ಪರವಾನಗಿ ರದ್ದತಿಯ ಮಾತು ಎದ್ದಿತು. 2017ರ ಫೆಬ್ರುವರಿಯಲ್ಲಿ ಅದೇ ಹೆಂಗಸರು ನ್ಯಾಯ ಎಲ್ಲಿ ಅಂತ ಕಲಬುರಗಿಯ ಬೀದಿಗೆ ಇಳಿಯಬೇಕಾಯಿತು. ಕಳಕೊಂಡದ್ದನ್ನು ಯಾವ ಆದೇಶವೂ ವಾಪಸು ಕೊಡಲಿಲ್ಲ, ಕೊಡುವಂಥದ್ದೂ ಅಲ್ಲ.

ಆ ಹಗರಣ ಹಳೇದಾಯ್ತು ಅನ್ನಬಹುದು. ಆದರೆ ಅದಕ್ಕೆ ದಾರಿ ಮಾಡಿಕೊಟ್ಟ ಅಜ್ಞಾನ ಹಳೇದಾಗಿಲ್ಲ. ಸ್ಕ್ಯಾನಿಂಗ್ ಚೀಟಿಯಲ್ಲಿ 'ಸಿಸ್ಟ್' ಅನ್ನೋ ಎರಡಕ್ಷರ ಕಂಡರೆ ಇವತ್ತಿಗೂ ಮನೆಮಂದಿಯ ಎದೆ ಧಸಕ್ಕನ್ನುತ್ತದೆ. ಹೆದರಿದವರ ಹತ್ತಿರ ಯಾವ ವ್ಯಾಪಾರವೂ ನಡೆಯುತ್ತದೆ. ಹೆದರಿಕೆ ಇಳಿಯಬೇಕಾದರೆ ಈ ಸಿಸ್ಟ್ ಅಂದರೆ ಏನು, ಅದಕ್ಕೆ ಇರುವ ದಾರಿಗಳು ಎಷ್ಟು ಅನ್ನೋದು ಓಣಿ ಓಣಿಯಲ್ಲಿ ಗೊತ್ತಾಗಬೇಕು.

ತಿಂಗಳ ಕೆಲಸದ ನೀರುಗುಳ್ಳೆ

ಸಿಸ್ಟ್ ಅಂದರೆ ನೀರು ತುಂಬಿದ ಗುಳ್ಳೆ. ಹೆಣ್ಣಿನ ಅಂಡಾಶಯ ಪ್ರತಿ ತಿಂಗಳೂ ಒಂದು ಗುಳ್ಳೆ ಮಾಡುತ್ತದೆ. ಅದರೊಳಗೆ ಮೊಟ್ಟೆ ಬೆಳೆಯುತ್ತದೆ. ಗುಳ್ಳೆ ಸುಮಾರು 2 ಸೆಂಟಿಮೀಟರ್ ದಾಟಿದ ಮೇಲೆ ಒಡೆದು ಮೊಟ್ಟೆ ಹೊರಗೆ ಬರುತ್ತದೆ. ಇದು ರೋಗ ಅಲ್ಲ, ದೇಹದ ದಿನಚರಿ. ಯಾವುದೋ ತಿಂಗಳು ಗುಳ್ಳೆ ಒಡೆಯದೆ ಹಾಗೇ ಉಳಿದು ಇನ್ನಷ್ಟು ದಪ್ಪ ಆಗಬಹುದು. ಒಡೆದ ಜಾಗದಲ್ಲಿ ನೀರೋ ರಕ್ತವೋ ತುಂಬಿಕೊಳ್ಳಬಹುದು. ಮುಟ್ಟಾಗುವ ವಯಸ್ಸಿನವರಲ್ಲಿ ಕಾಣುವ ಸಿಸ್ಟ್‌ಗಳಲ್ಲಿ ಬಹುಪಾಲು ಈ ಎರಡೇ ಬಗೆ. ಎರಡು ಮೂರು ಮುಟ್ಟು ಕಳೆಯುವುದರೊಳಗೆ ತಾವಾಗೇ ಇಂಗಿ ಹೋಗುತ್ತವೆ. ಎಷ್ಟೋ ಹೆಂಗಸರಿಗೆ ಅದು ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿದಾಗ ಕಣ್ಣಿಗೆ ಬೀಳುತ್ತದೆ, ಅಷ್ಟೇ.

ಹಾಗಾಗಿ ಮೊದಲನೇ ಚಿಕಿತ್ಸೆ ಕಾಯುವುದು. 'ಕಾಯೋದೂ ಒಂದು ಚಿಕಿತ್ಸೇನಾ?' ಅಂತ ನಗುವವರಿದ್ದಾರೆ. ಹೌದು, ಚಿಕಿತ್ಸೆಯೇ. ಬ್ರಿಟನ್ನಿನ ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು ತನ್ನ ವೈದ್ಯರಿಗೆ ಕೊಟ್ಟಿರುವ ಸೂಚನೆ ಹೀಗಿದೆ: ಮುಟ್ಟು ನಿಲ್ಲದ ಹೆಂಗಸಿಗೆ ಬರೀ ನೀರು ತುಂಬಿದ, ಒಳಗೆ ಗೋಡೆ ಗಂಟು ಏನೂ ಇಲ್ಲದ ಸಿಸ್ಟ್ 5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಮತ್ತೆ ಸ್ಕ್ಯಾನ್ ಸಹ ಬೇಡ. 5ರಿಂದ 7 ಸೆಂಟಿಮೀಟರ್ ಇದ್ದರೆ ವರ್ಷಕ್ಕೊಮ್ಮೆ ನೋಡಿದರೆ ಸಾಕು. 7 ದಾಟಿದರೆ ಮುಂದಿನ ತಪಾಸಣೆ ಅಥವಾ ಆಪರೇಷನ್ ವಿಚಾರ. 5 ಸೆಂಟಿಮೀಟರ್ ಅಂದರೆ ಒಳ್ಳೆ ನಿಂಬೆಹಣ್ಣಿನಷ್ಟು. ನಿಂಬೆಹಣ್ಣಿಗಿಂತ ಸಣ್ಣ ನೀರುಗುಳ್ಳೆಗೆ ಹೊಲ ಅಡ ಇಡಬೇಕಿಲ್ಲ ಅನ್ನೋದು ಇದರ ಸಾರ.

ಗುಳಿಗೆಯ ಮಾತು

ಎರಡನೇದು ಗುಳಿಗೆ. 'ಮೂರು ತಿಂಗಳು ಈ ಗುಳಿಗೆ ನುಂಗಿದರೆ ಗಡ್ಡಿ ಕರಗ್ತದ' ಅಂತ ಸಂತತಿ ನಿಯಂತ್ರಣದ ಹಾರ್ಮೋನ್ ಮಾತ್ರೆ ಬರೆದುಕೊಡುವುದು ಎಷ್ಟೋ ಕಾಲದಿಂದ ನಡೆದು ಬಂದಿದೆ. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಕಂಡದ್ದು ಬೇರೆ. ಈಗಾಗಲೇ ಇರುವ ನೀರುಗುಳ್ಳೆ ಮಾತ್ರೆ ನುಂಗಿದವರಲ್ಲೂ, ಸುಮ್ಮನೆ ಕಾದವರಲ್ಲೂ ಒಂದೇ ವೇಗದಲ್ಲಿ ಇಂಗಿತು. ಮಾತ್ರೆಗೆ ಬೇರೆ ಕೆಲಸ ಇದೆ. ಹೊಸ ಗುಳ್ಳೆ ಏಳದ ಹಾಗೆ ತಡೆಯಲು, ಮುಟ್ಟಿನ ನೋವು ತಗ್ಗಿಸಲು ಅದು ಉಪಯೋಗಕ್ಕೆ ಬರುತ್ತದೆ. ನೋವಿಗೆ ಮಾಮೂಲಿ ನೋವಿನ ಗುಳಿಗೆ ಸಾಕಾಗುವುದೂ ಉಂಟು.

ಇನ್ನು ಪಿ.ಸಿ.ಓ.ಡಿ. ಕಾಲೇಜು ಓದುವ ಹುಡುಗಿಯರ ಬಾಯಲ್ಲೆಲ್ಲ ಈಗ ಇದೇ ಹೆಸರು. ಅಂಡಾಶಯದಲ್ಲಿ ಮುತ್ತಿನ ಸರದ ಹಾಗೆ ಸಣ್ಣ ಸಣ್ಣ ಗುಳ್ಳೆ ಕಾಣುತ್ತವೆ. ಇವು ನಿಜವಾಗಿ ಗಡ್ಡೆಗಳೇ ಅಲ್ಲ, ಬೆಳೆಯದೆ ನಿಂತ ಮೊಟ್ಟೆಯ ಗುಳ್ಳೆಗಳು. ಹಾರ್ಮೋನ್ ಏರುಪೇರಿನ ಗುರುತು ಅವು. ಇದಕ್ಕೆ ತೂಕ ಇಳಿಸುವುದು, ನಡಿಗೆ, ಊಟದ ಶಿಸ್ತು, ಬೇಕಾದರೆ ಮಾತ್ರೆ. ಸಕ್ಕರೆ ಕಾಯಿಲೆಯ ತಪಾಸಣೆಯೂ ಬೇಕು. ಇದರ ಹೆಸರು ಹೇಳಿ ಅಂಡಾಶಯ ಕಿತ್ತು ಹಾಕುವವರು ಎದುರಾದರೆ ಚೀಟಿ ತಗೊಂಡು ಎದ್ದು ಬರುವುದೇ ಲೇಸು.

ಇಂಗದ ಗಡ್ಡೆಗಳು

ಹಾಗಂತ ಎಲ್ಲವೂ ಇಂಗುವುದಿಲ್ಲ. ಕೆಲವು ಗಡ್ಡೆಗಳ ಜಾತಿಯೇ ಬೇರೆ. ಡರ್ಮಾಯ್ಡ್ ಅನ್ನೋ ಗಡ್ಡೆಯಲ್ಲಿ ಕೊಬ್ಬು, ಕೂದಲು, ಒಮ್ಮೊಮ್ಮೆ ಹಲ್ಲೂ ಸಿಗುತ್ತದೆ. ಹಳ್ಳಿಯಲ್ಲಿ ಇದನ್ನು ಮಾಟ ಮಂತ್ರ ಅಂದುಕೊಳ್ಳುವವರಿದ್ದಾರೆ. ಮಾಟವೂ ಅಲ್ಲ ಮಣ್ಣೂ ಅಲ್ಲ. ಮೊಟ್ಟೆಯ ಮೂಲಕಣಕ್ಕೆ ದೇಹದ ಯಾವ ಅಂಗಾಂಶವನ್ನಾದರೂ ಬೆಳೆಸುವ ಶಕ್ತಿ ಇರುವುದರಿಂದ ಹೀಗಾಗುತ್ತದೆ. ಇನ್ನೊಂದು ಚಾಕಲೇಟ್ ಸಿಸ್ಟ್. ಗರ್ಭಚೀಲದ ಒಳಪದರದಂಥ ಪದರ ಅಂಡಾಶಯದಲ್ಲಿ ಬೆಳೆದು, ತಿಂಗಳು ತಿಂಗಳು ರಕ್ತ ಕೂಡಿ, ಅದು ಹಳತಾಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಮುಟ್ಟಿನ ನೋವು ತಡೆಯಲಾಗದಷ್ಟು ಇರುವುದು ಇದರ ಲಕ್ಷಣ. ಮೂರನೇದು ಅಂಡಾಶಯದ ಹೊರಪದರದಿಂದ ಎದ್ದು, ಬಿಟ್ಟರೆ ಕುಂಬಳಕಾಯಿಯಷ್ಟು ಬೆಳೆಯಬಲ್ಲ ಗಡ್ಡೆ.

ಇಂಥವಕ್ಕೆ ಆಪರೇಷನ್ ಬೇಕಾಗಬಹುದು. ಆದರೆ ಆಪರೇಷನ್ ಅಂದರೆ ಒಂದೇ ಆಪರೇಷನ್ ಅಲ್ಲ. ಗಡ್ಡೆಯನ್ನಷ್ಟೇ ಸುಲಿದು ತೆಗೆದು ಅಂಡಾಶಯ ಉಳಿಸುವುದು ಒಂದು. ಗಡ್ಡೆ ಇರುವ ಕಡೆಯ ಅಂಡಾಶಯವನ್ನು ಮಾತ್ರ ತೆಗೆಯುವುದು ಇನ್ನೊಂದು. ಉಳಿದ ಒಂದರಿಂದ ಮುಟ್ಟೂ ಬರುತ್ತದೆ, ಮಕ್ಕಳೂ ಆಗುತ್ತವೆ. ಹೊಟ್ಟೆಯಲ್ಲಿ ಮೂರು ನಾಲ್ಕು ಸಣ್ಣ ರಂಧ್ರ ಮಾಡಿ ಕ್ಯಾಮರಾ ಇಳಿಸಿ ಮಾಡುವ ಲ್ಯಾಪ್ರೋಸ್ಕೋಪಿ ಇದೆ. ಅದರಲ್ಲಿ ನೋವು ಕಡಿಮೆ, ಬೇಗ ಮನೆಗೆ ಹೋಗಬಹುದು. ಗಡ್ಡೆ ತೀರಾ ದೊಡ್ಡದಿದ್ದರೆ, ಕ್ಯಾನ್ಸರ್ ಅನುಮಾನ ಇದ್ದರೆ ಹೊಟ್ಟೆ ಕೊಯ್ದೇ ಮಾಡುತ್ತಾರೆ. ಸೂಜಿ ಚುಚ್ಚಿ ನೀರು ಎಳೆಯುವುದು ಸುಲಭ ಅನಿಸಿದರೂ ಗುಳ್ಳೆ ಮತ್ತೆ ತುಂಬಿಕೊಳ್ಳುವುದೇ ಹೆಚ್ಚು. ಕ್ಯಾನ್ಸರ್ ಅನುಮಾನ ಇರುವಲ್ಲಂತೂ ಸೂಜಿ ಹಾಕಲೇಬಾರದು. ಚಾಕಲೇಟ್ ಸಿಸ್ಟ್ ಸುಲಿಯುವಾಗ ಒಳ್ಳೆ ಮೊಟ್ಟೆಗಳೂ ಕಳೆದು ಹೋಗಬಹುದು. ಮಕ್ಕಳು ಬೇಕು ಅನ್ನುವವರಿಗೆ ಇದನ್ನು ಮೊದಲೇ ಬಿಡಿಸಿ ಹೇಳಬೇಕು.

ಈ ಪಟ್ಟಿಯಲ್ಲಿ ಗರ್ಭಚೀಲ ಎಲ್ಲಿ ಬಂತು? ಎಲ್ಲೂ ಬರಲಿಲ್ಲ. ಅಂಡಾಶಯ ಬೇರೆ, ಗರ್ಭಚೀಲ ಬೇರೆ. ಒಂದರಲ್ಲಿ ನೀರುಗುಳ್ಳೆ ಅಂತ ಇನ್ನೊಂದನ್ನು ಕೊಯ್ಯುವುದು, ಕಿಟಕಿ ಗಾಜು ಸೀಳಿದೆ ಅಂತ ಪಕ್ಕದ ಕೋಣೆ ಗೋಡೆ ಕೆಡವಿದ ಹಾಗೆ. ಗರ್ಭಚೀಲದಲ್ಲೇ ಬೇರೆ ತೊಂದರೆ ಇದ್ದರೆ ಅದರ ಮಾತು ಬೇರೆ. ಆಗ ಅದನ್ನು ಬಿಡಿಸಿ ಹೇಳಿ, ಚೀಟಿಯಲ್ಲಿ ಬರೆದು ಕೊಡಲಿ.

ಕಳಕೊಂಡದ್ದರ ಬೆಲೆ

'ಮಕ್ಕಳಾದ ಮೇಲೆ ಅವೆಲ್ಲ ಯಾಕೆ' ಅನ್ನೋ ಮಾತಿಗಿಂತ ದೊಡ್ಡ ಸುಳ್ಳಿಲ್ಲ. ಅಂಡಾಶಯದ ಕೆಲಸ ಮೊಟ್ಟೆ ಕೊಡುವುದಷ್ಟೇ ಅಲ್ಲ. ಅದರಿಂದ ಬರುವ ಹಾರ್ಮೋನ್ ಎಲುಬಿಗೂ ಹೃದಯಕ್ಕೂ ಕಾವಲು. ಎರಡೂ ಅಂಡಾಶಯ ತೆಗೆದರೆ ಮುಟ್ಟು ನಿಲ್ಲುವ ಬದಲಾವಣೆ ಒಂದೇ ದಿನದಲ್ಲಿ ಬಂದು ಎರಗುತ್ತದೆ. ಮೈಯೆಲ್ಲ ಬಿಸಿ ಏರುವುದು, ರಾತ್ರಿ ಬೆವರು, ನಿದ್ದೆ ಇಲ್ಲದಿರುವುದು, ಮನಸ್ಸು ಕುಗ್ಗುವುದು, ವರ್ಷ ಕಳೆದ ಹಾಗೆ ಎಲುಬು ಸವೆಯುವುದು. 45ರ ಒಳಗೆ ಹೀಗಾದವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ಐವತ್ತರ ಸುಮಾರಿನ ತನಕ ಹಾರ್ಮೋನ್ ಔಷಧ ಕೊಡಬೇಕು ಅನ್ನುತ್ತದೆ ವೈದ್ಯಶಾಸ್ತ್ರ. ತಾಂಡಾದ ಹೆಂಗಸಿಗೆ ಅದನ್ನು ಹೇಳುವವರು ಯಾರು, ವರ್ಷಾನುಗಟ್ಟಲೆ ಕೊಡುವವರು ಯಾರು? ಬರೀ ಗರ್ಭಚೀಲ ತೆಗೆದು ಅಂಡಾಶಯ ಉಳಿಸಿದರೂ ಅದು ಬೇಗ ಸೋಲುವ ಸಂಭವ ಇದೆ.

ಕೂಲಿ ಮಾಡುವ ಹೆಂಗಸಿಗೆ ಎಲುಬೇ ಬಂಡವಾಳ. ತೊಗರಿ ಕೊಯ್ಯಬೇಕು, ಕಲ್ಲು ಹೊರಬೇಕು, ಗುಳೆ ಹೋದರೆ ಪುಣೆ ಮುಂಬಯಿಯಲ್ಲಿ ಗಾರೆ ಹೊರಬೇಕು. ಸೊಂಟ ನೋವು ಅಂತ ಕೂತರೆ ಒಲೆ ಹೊತ್ತುವುದಿಲ್ಲ. ನೆರೆಯ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರ ಗೋಳು 2019ರಲ್ಲಿ ದೇಶಕ್ಕೆ ಗೊತ್ತಾಯಿತು. ಅಲ್ಲಿನ ಸರ್ಕಾರದ ಸಮಿತಿ 82,309 ಹೆಂಗಸರನ್ನು ಸಮೀಕ್ಷೆ ಮಾಡಿದಾಗ 13,861 ಮಂದಿಗೆ ಗರ್ಭಚೀಲ ಇರಲಿಲ್ಲ. ಆರರಲ್ಲಿ ಒಬ್ಬಳು. ಬಡವರ ಹೊಟ್ಟೆಗೇ ಯಾಕೆ ಇಷ್ಟು ಕತ್ತರಿ ಬೀಳುತ್ತದೆ ಅನ್ನೋದನ್ನು ಓದುವವರೇ ಯೋಚಿಸಬೇಕು.

ಹೆದರಬೇಕಾದ ಕಡೆ ಹೆದರಬೇಕು

ಇಷ್ಟು ಹೇಳಿದ್ದು ಕೇಳಿ 'ಏನೂ ಆಗಲ್ಲ ಬಿಡು' ಅಂತ ಮನೆಯಲ್ಲಿ ಕೂತರೆ ಅದೂ ತಪ್ಪು. ಎರಡು ಕಡೆ ತಡ ಮಾಡಬಾರದು.

ಒಂದು, ಗಡ್ಡೆ ತಿರುಚಿಕೊಳ್ಳುವುದು. ಗಡ್ಡೆಯ ಭಾರಕ್ಕೆ ಅಂಡಾಶಯ ತನ್ನ ತೊಟ್ಟಿನ ಮೇಲೇ ಸುತ್ತಿಕೊಂಡು ರಕ್ತ ನಿಂತು ಹೋಗುತ್ತದೆ. ಕೆಳಹೊಟ್ಟೆಯ ಒಂದು ಪಕ್ಕ ಇದ್ದಕ್ಕಿದ್ದ ಹಾಗೆ ಜೀವ ಹೋಗುವಂಥ ನೋವು, ಜೊತೆಗೆ ವಾಂತಿ ಬಂದರೆ ರಾತ್ರಿ ಎಷ್ಟೇ ಆಗಿರಲಿ ದೊಡ್ಡಾಸ್ಪತ್ರೆಗೆ ಹೊರಡಬೇಕು. ಕಷಾಯ, ತಾಯತ, ಬೆಳಗಾಗಲಿ ಅನ್ನುವುದು ಬೇಡ. ಬೇಗ ತಲುಪಿದರೆ ಸುತ್ತು ಬಿಡಿಸಿ ಅಂಡಾಶಯ ಉಳಿಸಬಹುದು. ಕಪ್ಪಗೆ ಕಂಡ ಅಂಡಾಶಯವೂ ಚೇತರಿಸಿಕೊಂಡ ಉದಾಹರಣೆಗಳು ಬೇಕಷ್ಟಿವೆ. ಗುಳ್ಳೆ ಒಡೆದು ಒಳಗೇ ರಕ್ತ ಸೋರಿದರೆ ತಲೆ ಸುತ್ತುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಅದೂ ತುರ್ತು.

ಎರಡನೇದು ಕ್ಯಾನ್ಸರ್. ಮುಟ್ಟು ನಿಂತ ಮೇಲೆ ಕಾಣುವ ಗಡ್ಡೆಯನ್ನು ಹಗುರ ಮಾಡಬಾರದು. ಅಲ್ಲೂ ಸಣ್ಣ, ಬರೀ ನೀರಿನ ಗುಳ್ಳೆಯಾದರೆ ರಕ್ತ ಪರೀಕ್ಷೆ ಮಾಡಿಸಿ ನಾಲ್ಕಾರು ತಿಂಗಳಿಗೊಮ್ಮೆ ನೋಡುತ್ತಾ ಕಾಯುವ ಪದ್ಧತಿ ಇದೆ. ಆದರೆ ಗಡ್ಡೆಯೊಳಗೆ ಗಟ್ಟಿ ಭಾಗ ಇದ್ದರೆ, ಎರಡೂ ಕಡೆ ಇದ್ದರೆ, ಹೊಟ್ಟೆಯಲ್ಲಿ ನೀರು ತುಂಬಿದ್ದರೆ ಅನುಮಾನ ಪಡಲೇಬೇಕು. ಹೊಟ್ಟೆ ಸದಾ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬುವುದು, ಪದೇ ಪದೇ ಮೂತ್ರ, ಕೆಳಹೊಟ್ಟೆ ನೋವು ವಾರಗಟ್ಟಲೆ ಬಿಡದಿದ್ದರೆ, ಅದರಲ್ಲೂ ಐವತ್ತು ದಾಟಿದವರಿಗೆ, ಗ್ಯಾಸ್ ಗುಳಿಗೆ ನುಂಗುತ್ತಾ ಕೂರಬಾರದು.

ರಕ್ತ ಪರೀಕ್ಷೆ ಅಂದರೆ ಸಿ.ಎ. 125. ಇದರ ಹೆಸರಲ್ಲೂ ಹೆದರಿಸುವುದುಂಟು. ಈ ಅಂಕಿ ಕ್ಯಾನ್ಸರಿನಲ್ಲಿ ಏರುವುದು ನಿಜ. ಚಾಕಲೇಟ್ ಸಿಸ್ಟ್, ಗರ್ಭಚೀಲದ ಗಂಟು, ಸೋಂಕು, ಹೊಟ್ಟೆಯ ಕ್ಷಯ, ಕಡೆಗೆ ಮುಟ್ಟಿನ ದಿನಗಳಲ್ಲೂ ಏರುತ್ತದೆ. ಹರೆಯದ ಹೆಂಗಸಿನಲ್ಲಿ ಈ ಒಂದೇ ಅಂಕಿ ನೋಡಿ ಕ್ಯಾನ್ಸರ್ ಅಂತ ತೀರ್ಪು ಕೊಡುವಂತಿಲ್ಲ. ನಿಜವಾಗಿ ಅನುಮಾನ ಇದ್ದರೆ ಕ್ಯಾನ್ಸರ್ ಆಸ್ಪತ್ರೆಗೇ ಹೋಗಬೇಕು. ಕಿದ್ವಾಯಿ ಸಂಸ್ಥೆಯ ಶಾಖೆ ಕಲಬುರಗಿಯಲ್ಲೇ ಇದೆ. ಅಂಥ ಕಾಯಿಲೆಯಲ್ಲಿ ಅಂಡಾಶಯವನ್ನೂ ಗರ್ಭಚೀಲವನ್ನೂ ತೆಗೆಯುವುದೇ ಸರಿಯಾದ ಚಿಕಿತ್ಸೆ ಆಗಬಹುದು. ಅಲ್ಲಿ ಯಾರೂ ತಕರಾರು ತೆಗೆಯುವಂತಿಲ್ಲ.

ಈ ಆಪರೇಷನ್ನಿಗೂ ದೊಡ್ಡ ಇತಿಹಾಸ ಇದೆ. 1809ರ ಡಿಸೆಂಬರಿನಲ್ಲಿ ಅಮೆರಿಕದ ಕೆಂಟಕಿಯಲ್ಲಿ ಎಫ್ರೈಮ್ ಮ್ಯಾಕ್‌ಡೊವೆಲ್ ಅನ್ನೋ ವೈದ್ಯ, ಜೇನ್ ಟಾಡ್ ಕ್ರಾಫರ್ಡ್ ಅನ್ನೋ ಹೆಂಗಸಿನ ಅಂಡಾಶಯದ ಹತ್ತು ಕಿಲೋ ತೂಕದ ಗಡ್ಡೆ ತೆಗೆದರು. ಅರಿವಳಿಕೆ ಔಷಧ ಆಗಿನ್ನೂ ಬಂದಿರಲಿಲ್ಲ. ಆಕೆ ಅಷ್ಟು ದೂರ ಕುದುರೆ ಮೇಲೆ ಬಂದಿದ್ದಳು, ಗುಣವಾಗಿ ವಾಪಸು ಹೋಗಿ ಇನ್ನೂ ಮೂವತ್ತೆರಡು ವರ್ಷ ಬದುಕಿದಳು. ಆ ವೈದ್ಯ ಆಪರೇಷನ್ನಿಗೆ ಮುಂಚೆ ಆಕೆಗೆ ಅಪಾಯ ಎಷ್ಟು ಅಂತ ಹೇಳಿದ್ದರು, ಆಕೆ ತಿಳಿದೇ ಒಪ್ಪಿದ್ದಳು. ಇನ್ನೂರು ವರ್ಷದ ಹಿಂದೆ ಆದ ಆ ಮಾತುಕತೆ ಇವತ್ತು ಎ.ಸಿ. ಕೋಣೆಯಲ್ಲಿ ಆಗುವುದಿಲ್ಲ ಅಂದರೆ ಏನು ಹೇಳಬೇಕು?

ಕಾನೂನು ಏನು ಹೇಳುತ್ತದೆ

ಕಾನೂನು ಹೆಂಗಸಿನ ಕಡೆಗೇ ಇದೆ. ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ಸ್ಪಷ್ಟ ತೀರ್ಪು ಕೊಟ್ಟಿದೆ. ದೆಹಲಿಯಲ್ಲಿ ಲ್ಯಾಪ್ರೋಸ್ಕೋಪಿ ತಪಾಸಣೆಗೆ ಅಂತ ಮಲಗಿದ ಹೆಂಗಸಿಗೆ ಎಚ್ಚರ ಇಲ್ಲದಾಗ, ಆಕೆಯ ತಾಯಿಯ ಒಪ್ಪಿಗೆ ಪಡೆದು ಗರ್ಭಚೀಲ, ಅಂಡಾಶಯ ತೆಗೆದಿದ್ದರು. ತಪಾಸಣೆಗೆ ಕೊಟ್ಟ ಒಪ್ಪಿಗೆ ಕೊಯ್ಯುವುದಕ್ಕೆ ಕೊಟ್ಟ ಒಪ್ಪಿಗೆ ಅಲ್ಲ. ಬುದ್ಧಿ ಬಲಿತ ಹೆಂಗಸಿನ ಪರವಾಗಿ, ಜೀವಕ್ಕೆ ತುರ್ತು ಇಲ್ಲದಾಗ, ಬೇರೆಯವರು ಹೂಂ ಅನ್ನುವ ಹಾಗಿಲ್ಲ ಅಂತ ಕೋರ್ಟ್ ಹೇಳಿತು. ಗಂಡನ ಹೆಬ್ಬೆಟ್ಟು ಹೆಂಡತಿಯ ಹೊಟ್ಟೆಗೆ ಪರವಾನಗಿ ಅಲ್ಲ ಅಂತ ಇದರ ಅರ್ಥ.

ಅನಗತ್ಯವಾಗಿ ಗರ್ಭಚೀಲ ತೆಗೆಯುವುದರ ವಿರುದ್ಧ ಡಾ. ನರೇಂದ್ರ ಗುಪ್ತಾ 2013ರಲ್ಲಿ ಹಾಕಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹತ್ತು ವರ್ಷ ನಡೆಯಿತು. ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾರ್ಗಸೂಚಿ ಮಾಡಿತು. 2023ರ ಏಪ್ರಿಲ್ 5ರಂದು ಸುಪ್ರೀಂ ಕೋರ್ಟ್ ಅದನ್ನು ಮೂರು ತಿಂಗಳಲ್ಲಿ ಜಾರಿಗೆ ತನ್ನಿ ಅಂತ ಎಲ್ಲ ರಾಜ್ಯಗಳಿಗೂ ಹೇಳಿತು. ಅದರಂತೆ ಜಿಲ್ಲೆಗೊಂದು ನಿಗಾ ಸಮಿತಿ ಇರಬೇಕು. ಕಾಗದದಲ್ಲಿ ಎಲ್ಲವೂ ಚೆನ್ನಾಗಿದೆ. ಆ ಸಮಿತಿ ಎಷ್ಟು ಸಲ ಕೂತಿತು, ಎಷ್ಟು ಆಪರೇಷನ್ನಿನ ಕಡತ ತೆರೆದು ನೋಡಿತು, ಅದರಲ್ಲಿ ನಲವತ್ತರ ಒಳಗಿನವರೆಷ್ಟು ಅನ್ನೋ ಲೆಕ್ಕ ವರ್ಷಕ್ಕೊಮ್ಮೆ ನೋಟೀಸ್ ಬೋರ್ಡಿಗೆ ಬರಲಿ. ತೊಗರಿಯ ದರ ದಿನಾ ಹಾಕುವ ಜಿಲ್ಲೆಯಲ್ಲಿ ಇದನ್ನು ವರ್ಷಕ್ಕೊಮ್ಮೆ ಹಾಕುವುದು ದೊಡ್ಡ ಕೆಲಸ ಅಲ್ಲ.

ಇನ್ನೆರಡು ಬೇಡಿಕೆ. ಆಳಂದ, ಚಿಂಚೋಳಿ, ಜೇವರ್ಗಿ, ಸೇಡಂ, ಎಲ್ಲ ತಾಲೂಕು ಆಸ್ಪತ್ರೆಯಲ್ಲೂ ಸ್ಕ್ಯಾನಿಂಗ್ ಯಂತ್ರ ಇದ್ದರಷ್ಟೇ ಸಾಲದು, ಅದನ್ನು ಓದಬಲ್ಲವರು ವಾರದಲ್ಲಿ ಗೊತ್ತಾದ ದಿನ ಇರಬೇಕು. ಸರ್ಕಾರಿ ದವಾಖಾನೆಯ ಬಾಗಿಲು ಮುಚ್ಚಿದ್ದರಿಂದಲೇ ಖಾಸಗಿ ಬಾಗಿಲು ಬಡಿಯುವುದು. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು. ಏನು ತೆಗೆಯುತ್ತಾರೆ, ಯಾಕೆ, ಬೇರೆ ದಾರಿ ಏನಿತ್ತು ಅನ್ನೋ ಮೂರು ಸಾಲು ಅದರಲ್ಲಿ ಇರಬೇಕು. ಓದಲು ಬಾರದವರಿಗೆ ಲಂಬಾಣಿಯಲ್ಲೋ ಉರ್ದುವಿನಲ್ಲೋ ಓದಿ ಹೇಳಬೇಕು.

ಎಲ್ಲ ಡಾಕ್ಟರೂ ಹಾಗೆ ಅಂತಲ್ಲ. ನಡುರಾತ್ರಿ ತಿರುಚಿದ ಗಡ್ಡೆ ಬಿಡಿಸಿ ಹುಡುಗಿಯ ಬಾಳು ಉಳಿಸಿದವರೂ ಅದೇ ಡಾಕ್ಟರೇ. 'ಏನೂ ಬೇಡವ್ವಾ, ಮೂರು ತಿಂಗಳು ಬಿಟ್ಟು ಬಾ' ಅಂತ ದುಡ್ಡು ಬಿಟ್ಟು ಕಳಿಸುವವರೂ ಇದ್ದಾರೆ. ಒಳ್ಳೆಯವರಿಗೆ ಈ ಲೆಕ್ಕಪತ್ರದಿಂದ ಭಯವಿಲ್ಲ. ಅವರ ಹೆಸರು ಉಳಿಯಬೇಕಾದರೂ ಲೆಕ್ಕ ಹೊರಗೆ ಬರಬೇಕು.

ಮನೆಮಂದಿ ಮಾಡಬೇಕಾದದ್ದೂ ಇದೆ. ಚೀಟಿ ಕೈಗೆ ಬಂದ ಕೂಡಲೇ ಐದು ಮಾತು ಕೇಳಬೇಕು. ಗಡ್ಡಿ ಎಷ್ಟು ಸೆಂಟಿಮೀಟರ್ ಅದ? ಬರೀ ನೀರೋ, ಒಳಗ ಗಟ್ಟಿ ಅದನೋ? ಕಾದರ ಏನಾಗ್ತದ? ಗಡ್ಡಿ ಅಷ್ಟೇ ತೆಗೆದು ಅಂಡಾಶಯ ಉಳಿಸಬಹುದೇನ್ರಿ? ಗರ್ಭಚೀಲ ತೆಗೀಬೇಕಂದ್ರ ಯಾಕಂತ ಬರೆದು ಕೊಡ್ತೀರೇನು? ಇದಕ್ಕೆ ಸಿಟ್ಟಾಗುವವರಿದ್ದರೆ, ಪೇಪರೆಲ್ಲ ತಗೊಂಡು ಜಿಮ್ಸ್ ಆಸ್ಪತ್ರೆಯಲ್ಲೋ ಬೇರೆ ಕಡೆಯೋ ಇನ್ನೊಬ್ಬರಿಗೆ ತೋರಿಸಬೇಕು. ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಡತೆಯ ನಿಯಮವೇ ಇದೆ. ಸ್ಕ್ಯಾನಿಂಗ್ ಚೀಟಿಯನ್ನು ರೇಷನ್ ಕಾರ್ಡಿನಷ್ಟೇ ಜೋಪಾನವಾಗಿ ಇಡಬೇಕು.

ತುರ್ತು ನೋವು ಇಲ್ಲದಿದ್ದರೆ, ಕ್ಯಾನ್ಸರ್ ಅನುಮಾನ ಇಲ್ಲದಿದ್ದರೆ, ನೀರುಗುಳ್ಳೆಗೆ ಅವಸರ ಇಲ್ಲ. ಅವಸರ ಇರುವುದು ಬಿಲ್ಲಿಗೆ. ಹೊಲ ಮಾರುವಾಗ ನಾಲ್ಕು ಜನರನ್ನು ಕೇಳುವ ಮನೆಯವರು, ಹೆಣ್ಣುಮಗಳ ಒಡಲಿನ ಮಾತು ಬಂದಾಗ ಒಬ್ಬರನ್ನಾದರೂ ಹೆಚ್ಚಿಗೆ ಕೇಳಲಿ. ಎಲ್ಲಕ್ಕಿಂತ ಮೊದಲು ಆಕೆಯನ್ನೇ ಕೇಳಲಿ.